ಹೆಪ್ಪು ಕಾಯುವವರು



ಮೊದಲಿಗೆ ಅಡುಗೆಮನೆಯ ಒಂದು ಪ್ರಶ್ನೆ. ಮೊಸರು ಮಾಡಲು ಏನು ಬೇಕು? ಹಾಲು ಬೇಕು, ಹೆಪ್ಪು ಬೇಕು. ಹೆಪ್ಪು ಅಂದರೆ ನಿನ್ನೆಯ ಮೊಸರು. ನಿನ್ನೆಯ ಮೊಸರಿಗೆ ಮೊನ್ನೆಯದು. ಹೀಗೇ ಹಿಂದಕ್ಕೆ ಹೋಗುತ್ತ ಹೋದರೆ ಮೊಟ್ಟಮೊದಲ ಮೊಸರಿಗೆ ಹೆಪ್ಪು ಕೊಟ್ಟವರು ಯಾರು? ಚಿಕ್ಕಂದಿನಲ್ಲಿ ನಾನು ಇದನ್ನು ಕೇಳಿದಾಗ ನಮ್ಮಜ್ಜಿ ಒಂದು ಕ್ಷಣವೂ ಯೋಚಿಸದೆ, "ಪಕ್ಕದ ಮನೆಯವರು ಕಣೋ" ಅಂದರು. ಪಕ್ಕದ ಮನೆಯಲ್ಲೂ ಇಲ್ಲದಿದ್ದರೆ? "ಹಸಿಮೆಣಸಿನಕಾಯಿ ತೊಟ್ಟು ಮುರಿದು ಬೆಚ್ಚಗಿನ ಹಾಲಿಗೆ ಹಾಕಿಡು, ನಾಳೆ ನೋಡುವಿಯಂತೆ." ಮಾರನೇ ದಿನ ನೋಡಿದರೆ ನೀರುನೀರಾಗಿ ಏನೋ ಒಂದು ಕಟ್ಟಿಕೊಂಡಿತ್ತು. ಅನ್ನಕ್ಕೆ ಕಲಸುವಂತಿರಲಿಲ್ಲ. ಆದರೆ ಅದರದೇ ಒಂದು ಚಮಚವನ್ನು ಇನ್ನೊಂದು ಪಾತ್ರೆ ಹಾಲಿಗೆ ಬಿಟ್ಟಾಗ, ಮೂರನೇ ದಿನ ಗಟ್ಟಿ ಮೊಸರು ಸಿದ್ಧವಾಗಿತ್ತು.

ಇಂದು ನಾನು ಹೇಳಹೊರಟಿರುವುದು ಕಂಪ್ಯೂಟರ್ ಲೋಕದ ಇಂಥದೇ ಹೆಪ್ಪಿನ ಕಥೆ. ಅಲ್ಲಿ ಕೂಡ ಒಂದು ವಸ್ತುವನ್ನು ಮಾಡಲು ಅದೇ ವಸ್ತು ಬೇಕಾಗುತ್ತದೆ. ಅಲ್ಲಿ ಕೂಡ ಮೆಣಸಿನಕಾಯಿ ತೊಟ್ಟಿನ ಉಪಾಯ ಬಲ್ಲ ಕೆಲವರಿದ್ದಾರೆ. ಅವರ ಹೆಸರು ನಿಮಗೆ ಗೊತ್ತಿರುವ ಸಂಭವ ಕಡಿಮೆ. ಅವರು ಮಾಡುವ ಕೆಲಸ ಕೆಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಕಂಪ್ಯೂಟರಿನ ಚಿಪ್ಪಿಗೆ ತಿಳಿಯುವುದು ಬರೀ ಅಂಕಿಗಳ ಭಾಷೆ. ಪ್ರೋಗ್ರಾಮ್ ಬರೆಯುವ ನಾವು ಬಳಸುವುದು ಮನುಷ್ಯರ ಮಾತಿಗೆ ತುಸು ಹತ್ತಿರವಾದ ಭಾಷೆ. ಇಬ್ಬರ ನಡುವೆ ದುಭಾಷಿಯೊಬ್ಬ ಬೇಕು. ಆ ದುಭಾಷಿಯೇ ಇಂಟರ್‌ಪ್ರಿಟರ್. ಅದೂ ಒಂದು ಪ್ರೋಗ್ರಾಮೇ. ನಾವು ಬರೆದದ್ದನ್ನು ಓದುತ್ತ, ಅರ್ಥಮಾಡಿಕೊಳ್ಳುತ್ತ, ಯಂತ್ರದಿಂದ ಕೆಲಸ ಮಾಡಿಸುತ್ತ ಹೋಗುತ್ತದೆ. ಪೈಥಾನ್, ರೂಬಿ, ಪರ್ಲ್ ಭಾಷೆಗಳೆಲ್ಲ ಇಂಥ ದುಭಾಷಿಗಳನ್ನು ನಂಬಿ ಬದುಕಿವೆ. ಇವುಗಳಲ್ಲಿ ಪರ್ಲ್ ನಾನು ಹೊಟ್ಟೆಪಾಡಿಗಾಗಿ ಬಳಸಿದ ಭಾಷೆ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಪರ್ಲ್‌ನ ಮೊದಲ ಆವೃತ್ತಿ ಹೊರಬಂದದ್ದು 1987ರ ಡಿಸೆಂಬರ್ 18ರಂದು. ಅದನ್ನು ಬರೆದವರು ಅಮೆರಿಕದ ಲ್ಯಾರಿ ವಾಲ್. ಅವರು ಭಾಷಾಶಾಸ್ತ್ರ ಓದಿದವರು. ರಾಶಿರಾಶಿ ಪಠ್ಯದಿಂದ ಬೇಕಾದ್ದನ್ನು ಹೆಕ್ಕಿ ವರದಿ ತಯಾರಿಸಲು ಕೈಯಲ್ಲಿದ್ದ ಸಲಕರಣೆ ಸಾಲದೆ ಹೊಸ ಭಾಷೆಯನ್ನೇ ಕಟ್ಟಿಕೊಂಡರು. ಇಂದಿನ ಹುಡುಗರು ಇದನ್ನು ಹಳಬರ ಭಾಷೆ ಅನ್ನುತ್ತಾರೆ. ಅನ್ನಲಿ. ಬ್ಯಾಂಕುಗಳ ಜಾಲತಾಣ ತೆರೆದಾಗ ನಡುವಿನ ಮಾತುಕತೆಯನ್ನು ಗುಟ್ಟಾಗಿಡುವ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಓಪನ್ಎಸ್ಎಸ್ಎಲ್ ಒಂದು. ಅದನ್ನು ಕಟ್ಟಬೇಕಾದರೆ ಮೊದಲು ಪರ್ಲ್ ಬೇಕು. ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದ ಯಂತ್ರದಲ್ಲಿ ಪರ್ಲ್‌ನ ಮೂಲಭಾಗ ಇದ್ದೇ ಇರುತ್ತದೆ. ನೆಲಗಟ್ಟಿನ ಕಲ್ಲು ಹಳೆಯದಾಯಿತು ಎಂದು ಯಾರೂ ಮನೆಯಡಿಯಿಂದ ಅದನ್ನು ಎಳೆಯುವುದಿಲ್ಲ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಪರ್ಲ್‌ನ ದುಭಾಷಿಯನ್ನು ಬರೆದಿರುವುದು ಸಿ ಎಂಬ ಇನ್ನೊಂದು ಭಾಷೆಯಲ್ಲಿ. ಆ ಬರಹದ ಮೂಲಪ್ರತಿ ಒಂದು ಗಂಟಿನಂತೆ ಬರುತ್ತದೆ. ಅದನ್ನು ಬಿಚ್ಚಿ, ನಿಮ್ಮ ಯಂತ್ರದಲ್ಲಿ, ಸಿ ಬರಹವನ್ನು ಯಂತ್ರದ ಭಾಷೆಗೆ ತರ್ಜುಮೆ ಮಾಡುವ ಕಂಪೈಲರಿನಿಂದ ಕಟ್ಟಿಕೊಳ್ಳಬೇಕು. ಹೇಳಲು ಸುಲಭ. ತೊಂದರೆ ಏನೆಂದರೆ ಯಂತ್ರಗಳು ಒಂದೇ ಜಾತಿಯವಲ್ಲ. 1980ರ ದಶಕದಲ್ಲಿ ಯುನಿಕ್ಸ್ ಹೆಸರಿಟ್ಟುಕೊಂಡು ಹತ್ತಾರು ಕಾರ್ಯಾಚರಣ ವ್ಯವಸ್ಥೆಗಳಿದ್ದವು. ಹೆಸರು ಒಂದೇ, ಸ್ವಭಾವ ಬೇರೆಬೇರೆ. ಒಂದೇ ಮನೆತನದ ದಾಯಾದಿಗಳ ಹಾಗೆ.

ಮನೆ ಕಟ್ಟುವ ಮೇಸ್ತ್ರಿ ಪಾಯ ತೋಡುವ ಮೊದಲು ನೆಲ ನೋಡುತ್ತಾನಲ್ಲ, ಹಾಗೆ ಪರ್ಲ್‌ನ ಗಂಟಿನಲ್ಲಿ 'ಕಾನ್ಫಿಗರ್' ಎಂಬ ಕಡತವೊಂದಿದೆ. 20,000ಕ್ಕೂ ಹೆಚ್ಚು ಸಾಲುಗಳ ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಮಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ ಅದು. ಅದರ ಅನುಮಾನದ ಬುದ್ಧಿ ನೋಡಿದರೆ ನಗು ಬರುತ್ತದೆ, ಆಮೇಲೆ ಗೌರವ ಬರುತ್ತದೆ. ಗಂಟಿನಲ್ಲಿ ಎಲ್ಲ ಕಡತಗಳೂ ಬಂದಿವೆಯೇ ಎಂದು ಪಟ್ಟಿ ಹಿಡಿದು ಎಣಿಸುತ್ತದೆ. ತನ್ನನ್ನು ಓದುತ್ತಿರುವ ಶೆಲ್‌ಗೆ ಟಿಪ್ಪಣಿಯ ಸಾಲು ಯಾವುದು, ಆಜ್ಞೆಯ ಸಾಲು ಯಾವುದು ಎಂಬ ವ್ಯತ್ಯಾಸ ಗೊತ್ತಿದೆಯೇ ಎಂದು ಪರೀಕ್ಷಿಸುತ್ತದೆ. ಪರದೆಯ ಮೇಲೆ ಒಂದು ಸಾಲು ಬರೆದು ಕೆಳಗೆ ಇಳಿಯದೆ ಅಲ್ಲೇ ನಿಲ್ಲುವುದು ಹೇಗೆಂದು ಕಂಡುಕೊಳ್ಳಬೇಕು, ಏಕೆಂದರೆ ಅದಕ್ಕೂ ಒಂದೊಂದು ಯಂತ್ರದಲ್ಲಿ ಒಂದೊಂದು ವಿಧಾನ. ಅದಕ್ಕಾಗಿ ಒಂದು ಬಾಣದ ಗುರುತು ಬರೆದು, ಅದರ ಮುಂದೆ ನಕ್ಷತ್ರ ಚಿಹ್ನೆಯೊಂದನ್ನು ಇಟ್ಟು, ನಕ್ಷತ್ರ ಇಲ್ಲಿರಬೇಕು ಎಂದು ತೋರಿಸುತ್ತದೆ.

ಇಷ್ಟಾದ ಮೇಲೆ ಪುಟ್ಟಪುಟ್ಟ ಸಿ ಪ್ರೋಗ್ರಾಮುಗಳನ್ನು ಬರೆದು, ಕಂಪೈಲ್ ಮಾಡಿ, ಓಡಿಸಿ ಉತ್ತರ ಪಡೆಯುತ್ತದೆ. ಇಲ್ಲಿ ಒಂದು ಪೂರ್ಣಾಂಕಕ್ಕೆ ಎಷ್ಟು ಜಾಗ? ದೊಡ್ಡ ಸಂಖ್ಯೆಯನ್ನು ಈ ಯಂತ್ರ ಯಾವ ಕಡೆಯಿಂದ ಬರೆದಿಡುತ್ತದೆ? ನಾವು ವಿಳಾಸ ಬರೆಯುವಾಗ ಮನೆ ನಂಬರಿನಿಂದ ಶುರುಮಾಡಿ ಜಿಲ್ಲೆಗೆ ಬರುತ್ತೇವೆ. ಜಿಲ್ಲೆಯಿಂದ ಶುರುಮಾಡಿ ಮನೆ ನಂಬರಿಗೆ ಬರುವವರೂ ಇರಬಹುದು. ಯಂತ್ರಗಳಲ್ಲೂ ಈ ಎರಡು ಪಂಗಡಗಳಿವೆ. ಪಂಗಡ ಯಾವುದೆಂದು ಪತ್ತೆಮಾಡಿ, ಕಾನ್ಫಿಗರ್ ತನ್ನ ಕಡತದಲ್ಲಿ 12345678 ಎಂದೋ 87654321 ಎಂದೋ ಗುರುತು ಹಾಕಿಕೊಳ್ಳುತ್ತದೆ. ನಡುವೆ ತಮಾಷೆಯೂ ಉಂಟು. ಬೇರೊಂದು ವ್ಯವಸ್ಥೆಯ ಮೇಲೆ ಯುನಿಕ್ಸ್ ವೇಷ ತೊಡಿಸುತ್ತಿದ್ದ ಯೂನಿಸ್ ಎಂಬ ತಂತ್ರಾಂಶ ಹಿಂದೆ ಇತ್ತು. ನಿಮ್ಮ ಯಂತ್ರದಲ್ಲಿ ಅದು ಇಲ್ಲವೆಂದು ಖಚಿತವಾದರೆ ಕಾನ್ಫಿಗರ್ ನಿಮಗೆ ಅಭಿನಂದನೆ ಹೇಳುತ್ತದೆ!

ಇಷ್ಟು ದೊಡ್ಡ ಕಡತವನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಕೂತು ಬರೆದದ್ದಲ್ಲ. ಒಂದೊಂದು ಪ್ರಶ್ನೆಗೆ ಒಂದೊಂದು ಚಿಕ್ಕ ತುಣುಕು ಇದೆ. ಮೆಟಾಕಾನ್ಫಿಗ್ ಎಂಬ ಸಲಕರಣೆ, ಯಾವ ತುಣುಕಿಗಿಂತ ಮುಂಚೆ ಯಾವುದು ಬರಬೇಕೆಂದು ಲೆಕ್ಕಹಾಕಿ ಪೋಣಿಸುತ್ತದೆ. ಈ ಪರಂಪರೆ ಪರ್ಲ್‌ಗಿಂತ ಹಳೆಯದು. ಲ್ಯಾರಿ ವಾಲ್ ತಮ್ಮ ಹಿಂದಿನ ತಂತ್ರಾಂಶವೊಂದಕ್ಕೆ ಇಂಥ ಕಡತ ಮಾಡಿಕೊಂಡಿದ್ದರು. ಆಮೇಲೆ ಆಂಡಿ ಡೌಗರ್ಟಿ ಎಂಬವರು ವರ್ಷಗಟ್ಟಲೆ ನೋಡಿಕೊಂಡರು. ಅನಂತರ ನೆದರ್‌ಲೆಂಡ್ಸಿನ ಎಚ್. ಮೆರೈನ್ ಬ್ರಾಂಡ್ ಆ ಭಾರ ಹೊತ್ತರು. ಸ್ವಾರಸ್ಯವೆಂದರೆ ಮೆಟಾಕಾನ್ಫಿಗ್ ಸ್ವತಃ ಪರ್ಲ್‌ನಲ್ಲಿ ಬರೆದದ್ದು. ಅಂದರೆ ಪರ್ಲ್ ಕಟ್ಟುವ ಕಡತವನ್ನು ಹೆಣೆಯಲು ಪರ್ಲ್ ಬೇಕು. ಆದರೆ ಹೆಣೆದು ಕೈಗೆ ಬರುವುದು ಬರೀ ಶೆಲ್ ಸ್ಕ್ರಿಪ್ಟ್. ಪರ್ಲ್ ಮುಖವನ್ನೇ ಕಾಣದ ಯಂತ್ರದಲ್ಲೂ ಅದು ಓಡುತ್ತದೆ. ಇದೇ ನಮ್ಮಜ್ಜಿಯ ಮೆಣಸಿನಕಾಯಿ ತೊಟ್ಟು.

ತೊಟ್ಟು ಬಿದ್ದಾಯಿತು. ಇನ್ನು ಆ ನೀರುಮೊಸರು. ಪರ್ಲ್ ಕಟ್ಟುವಾಗ ಒಂದೇ ಏಟಿಗೆ ಪೂರ್ತಿ ಪರ್ಲ್ ಹುಟ್ಟುವುದಿಲ್ಲ. ಮೊದಲು ಸಿ ಕಡತಗಳಿಂದ 'ಮಿನಿಪರ್ಲ್' ಎಂಬ ಒಂದು ಬಡಪಾಯಿ ಹುಟ್ಟುತ್ತದೆ. ಅದಕ್ಕೆ ಭಾಷೆಯ ವ್ಯಾಕರಣ ಪೂರ್ತಿ ಬರುತ್ತದೆ, ಆದರೆ ಸಿ ಭಾಷೆಯಲ್ಲಿ ಬರೆದ ಹೊರಗಿನ ಸಲಕರಣೆಗಳನ್ನು ಜೋಡಿಸಿಕೊಳ್ಳಲು ಬರುವುದಿಲ್ಲ. ಊರಿನವರ ಕೈಗೆ ಕೊಡಲು ಮಾಡಿದ್ದಲ್ಲ ಅದು. ಅದರ ಬದುಕೆಲ್ಲ ಕಟ್ಟುವ ಕೆಲಸ ಮುಗಿಯುವವರೆಗೆ. ಅಷ್ಟರಲ್ಲಿ ಅದು ಕಾನ್ಫಿಗರ್ ಕಂಡುಕೊಂಡ ಉತ್ತರಗಳನ್ನೆಲ್ಲ ಪರ್ಲ್ ಓದಬಲ್ಲ ರೂಪಕ್ಕೆ ತರುತ್ತದೆ, ಉಳಿದ ಸಲಕರಣೆಗಳನ್ನು ಒಂದೊಂದಾಗಿ ಕಟ್ಟಿಸುತ್ತದೆ, ಕೊನೆಗೆ ಪೂರ್ಣ ಪರ್ಲ್‌ಗೆ ಜಾಗ ಬಿಟ್ಟುಕೊಡುತ್ತದೆ. ಒಂದು ಚಮಚ ಹೆಪ್ಪು, ಒಂದು ಪಾತ್ರೆ ಮೊಸರು.

ಮಿನಿಪರ್ಲ್ ಮಾಡುವ ಕೆಲಸಗಳಲ್ಲಿ ಒಂದು ನಮಗೆ ಹತ್ತಿರದ್ದು. ಜಗತ್ತಿನ ಲಿಪಿಗಳಿಗೆಲ್ಲ ನಂಬರು ಕೊಟ್ಟಿರುವ ಯುನಿಕೋಡ್ ಗೊತ್ತಲ್ಲ. ಅದರಲ್ಲಿ ನಮ್ಮ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಒಂದು ಬೀದಿ ಇದೆ. 'ಕ' ಅಕ್ಷರದ ಮನೆ ನಂಬರು 3221. ಪರ್ಲ್ ಕಟ್ಟುವಾಗ, ಎಲ್ಲಿ ಕಟ್ಟಿದರೂ, ಮಿನಿಪರ್ಲ್ ಯುನಿಕೋಡಿನ ಪಟ್ಟಿಗಳನ್ನು ಓದಿ, ಯಾವುದು ಅಕ್ಷರ, ಯಾವುದು ಅಂಕಿ, ಯಾವುದು ಯಾವ ಲಿಪಿಯದು ಎಂದು ವಿಂಗಡಿಸಿ ಕೋಷ್ಟಕಗಳನ್ನು ತಯಾರಿಸುತ್ತದೆ. ಫಿನ್ಲೆಂಡಿನಲ್ಲೋ ಬ್ರೆಜಿಲ್‌ನಲ್ಲೋ ಕನ್ನಡದ ಒಂದಕ್ಷರ ಬಾರದ ಯಾರೋ ತನ್ನ ಯಂತ್ರದಲ್ಲಿ ಪರ್ಲ್ ಕಟ್ಟುತ್ತಿದ್ದರೆ, ಆ ಹೊತ್ತಿಗೆ ಅಲ್ಲಿ ನಮ್ಮ ಅ ಆ ಇ ಈ ಸಾಲಾಗಿ ಹಾಜರಿ ಹಾಕುತ್ತಿರುತ್ತವೆ.

ಆ ಬೀದಿಯ 3294ನೇ ಮನೆಯಲ್ಲಿ ಹಳಗನ್ನಡದ ರಳ, ಅಂದರೆ 'ೞ' ಇದೆ. ಯುನಿಕೋಡ್ ಪಟ್ಟಿ ಬರೆದವರು ಅದಕ್ಕೆ ತಪ್ಪಾಗಿ 'ಕನ್ನಡ ಅಕ್ಷರ ಫ' ಎಂಬರ್ಥದ ಇಂಗ್ಲಿಷ್ ಹೆಸರು ಕೊಟ್ಟುಬಿಟ್ಟರು. ತಪ್ಪೆಂದು ಗೊತ್ತಾದ ಮೇಲಾದರೂ ತಿದ್ದಬಹುದಿತ್ತಲ್ಲ? ತಿದ್ದುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯುನಿಕೋಡಿನ ನಿಯಮ. ಆ ಹೆಸರನ್ನು ನಂಬಿ ಯಾರೋ ಎಲ್ಲೋ ಪ್ರೋಗ್ರಾಮ್ ಬರೆದಿರುತ್ತಾರೆ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತ ಅಡ್ಡಹೆಸರಾಗಿ ಸೇರಿಸಿದರು. ಪರ್ಲ್‌ನಂಥ ಭಾಷೆಯ ತಿರುಳಿನ ಕೆಲಸ ಮಾಡುವವರ ಪಾಡೂ ಇದರಲ್ಲೇ ಅಡಗಿದೆ. ನಿನ್ನೆಯ ತಪ್ಪನ್ನೂ ಸಾಕಿಕೊಂಡೇ ನಾಳೆಯ ಸರಿಯನ್ನು ತರಬೇಕು.

ಕಟ್ಟುವ ಕೆಲಸದ ಇನ್ನೊಂದು ತಲೆನೋವು ಹೇಳುತ್ತೇನೆ. ಒಂದೇ ಒಲೆಯಲ್ಲಿ ಅಡುಗೆ ಮಾಡುವಾಗ ಬೇಳೆ ಬೇಯಬೇಕು, ಹುಳಿ ಕುದಿಯಬೇಕು, ಕೊನೆಗೆ ಒಗ್ಗರಣೆ. ಕ್ರಮ ತಾನಾಗಿ ಕೂಡಿಬರುತ್ತದೆ. ಮದುವೆ ಮನೆಯಲ್ಲಿ ಎಂಟು ಒಲೆ ಹಚ್ಚಿ ಎಂಟು ಮಂದಿ ಭಟ್ಟರು ನಿಂತರೆ, ಯಾವುದು ಯಾವುದಕ್ಕೆ ಕಾಯಬೇಕೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಬೇಳೆ ಬೇಯುವ ಮೊದಲೇ ಒಗ್ಗರಣೆ ಸಿಡಿಯುತ್ತದೆ. ಈಗಿನ ಯಂತ್ರಗಳಲ್ಲಿ ಎಂಟು, ಹದಿನಾರು ಒಲೆಗಳಿವೆ, ಅಂದರೆ ಏಕಕಾಲಕ್ಕೆ ದುಡಿಯುವ ಪ್ರೊಸೆಸರುಗಳಿವೆ. ಕಡತಗಳ ನಡುವಿನ ಅವಲಂಬನೆಯನ್ನು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆಯುತ್ತಾರೆ. ಅಲ್ಲಿ ಒಂದೇ ಒಂದು ಸಾಲು ಬಿಟ್ಟುಹೋದರೂ, ಒಂದು ಒಲೆಯಲ್ಲಿ ಇಪ್ಪತ್ತು ವರ್ಷ ಸರಿಯಾಗಿ ನಡೆದದ್ದು ಎಂಟು ಒಲೆಯಲ್ಲಿ ಕೆಡುತ್ತದೆ. ಪ್ರತಿಸಲವೂ ಕೆಡುವುದಿಲ್ಲ, ಹತ್ತು ಸಲಕ್ಕೊಮ್ಮೆ ಕೆಡುತ್ತದೆ. ವೈದ್ಯರ ಮುಂದೆ ಕೂತಾಗ ಮಾಯವಾಗುವ ಹಲ್ಲುನೋವಿನ ಹಾಗೆ. ಅಂಥ ಬಿಟ್ಟುಹೋದ ಸಾಲುಗಳನ್ನು ಹುಡುಕಿ ತುಂಬುವುದರಲ್ಲಿ ವಾರಗಳು ಸವೆಯುತ್ತವೆ. ಕೆಲಸ ಮುಗಿದ ಮೇಲೆ ತೋರಿಸಲು ಏನಿದೆ? ಮೇಕ್‌ಫೈಲಿನಲ್ಲಿ ಎರಡು ಸಾಲು.

ಇಂಥ ಕೆಲಸದ ಯಜಮಾನಿಕೆ ಯಾರದು? ಇಲ್ಲೊಂದು ಕುಂಬಳಕಾಯಿಯ ಕಥೆ ಇದೆ. ಲ್ಯಾರಿ ವಾಲ್ 1985ರಲ್ಲಿ 'ಪ್ಯಾಚ್' ಎಂಬ ಉಪಕರಣ ಬರೆದಿದ್ದರು. ಪ್ಯಾಚ್ ಅಂದರೆ ತೇಪೆ. ದೂರದಲ್ಲಿರುವವರು ಪೂರ್ತಿ ಕಡತ ಕಳಿಸದೆ, ಬದಲಾದ ಸಾಲುಗಳನ್ನಷ್ಟೇ ಕಳಿಸಿದರೆ ಅದನ್ನು ಮೂಲಕ್ಕೆ ಹೊಲಿಯುವ ಸೂಜಿ ಅದು. ಪರ್ಲ್‌ಗೆ ನಾಲ್ಕೂ ದಿಕ್ಕಿನಿಂದ ತೇಪೆಗಳು ಬರತೊಡಗಿದವು. ಎಲ್ಲರೂ ಒಟ್ಟಿಗೆ ಹೊಲಿದರೆ ಅಂಗಿ ಉಳಿಯುವುದಿಲ್ಲವಲ್ಲ. ಆಗ ಚಿಪ್ ಸಾಲ್ಜೆನ್‌ಬರ್ಗ್ ಎಂಬವರ ಸಹೋದ್ಯೋಗಿಯೊಬ್ಬರ ಹಳೆಯ ಕಚೇರಿಯ ಪದ್ಧತಿಯೊಂದು ನೆರವಿಗೆ ಬಂತು. ಆ ಕಚೇರಿಯಲ್ಲಿ ಹಲವು ಯಂತ್ರಗಳಿಗೆ ಒಂದೇ ಟೇಪ್ ಡ್ರೈವ್ ಇತ್ತಂತೆ. ಇಬ್ಬರು ಒಟ್ಟಿಗೆ ಬ್ಯಾಕಪ್ ತೆಗೆಯಲು ಹೋಗಿ ಕೆಡಿಸಬಾರದೆಂದು ಬಟ್ಟೆಯ ಕುಂಬಳಕಾಯಿ ಗೊಂಬೆಯೊಂದನ್ನು ಇಟ್ಟಿದ್ದರು. ಗೊಂಬೆ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಬ್ಯಾಕಪ್ ತೆಗೆಯುವ ಹಕ್ಕು. ಪರ್ಲ್‌ನವರು ಇದೇ ಮಾತನ್ನು ಎತ್ತಿಕೊಂಡರು. ಕುಂಬಳಕಾಯಿ ಇದ್ದವರು ತೇಪೆ ಹೊಲಿಯಬೇಕು. ಅವರಿಗೆ ಕೊಟ್ಟ ಬಿರುದು 'ಪಂಪ್‌ಕಿಂಗ್', ನಮ್ಮ ಮಾತಿನಲ್ಲಿ ಕುಂಬಳರಾಜ. ನಮ್ಮಲ್ಲಿ ಸಿನಿಮಾ ಚಿತ್ರೀಕರಣ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರೆ. ಇವರ ಕೆಲಸ ಮುಗಿಯುವುದೇ ಇಲ್ಲವಾದ್ದರಿಂದ ಒಡೆಯುವ ಪ್ರಸಂಗವೇ ಬರಲಿಲ್ಲ. ಕೈಯಿಂದ ಕೈಗೆ ದಾಟುತ್ತ ಬಂತು.

2002ರಲ್ಲಿ 5.8 ಆವೃತ್ತಿಯನ್ನು ಹೊರತಂದ ಕುಂಬಳರಾಜ ಫಿನ್ಲೆಂಡಿನ ಯಾರ್ಕೊ ಹಿಯೆತನಿಯೆಮಿ. ಆ ಸರಣಿಯನ್ನು ಮುಂದೆ ವರ್ಷಗಟ್ಟಲೆ ಕಾಪಾಡಿದವರು ಬ್ರಿಟನ್ನಿನ ನಿಕೊಲಸ್ ಕ್ಲಾರ್ಕ್. 2009ರ ಹೊತ್ತಿಗೆ ಜೆಸ್ಸಿ ವಿನ್ಸೆಂಟ್ ಬಂದರು. ಒಬ್ಬರ ಮೇಲೇ ಎಲ್ಲ ಭಾರ ಬಿದ್ದರೆ ಅವರು ಬೇಗ ದಣಿಯುತ್ತಾರೆಂದು ಕಂಡು, ತಿಂಗಳಿಗೊಂದು ಪ್ರಯೋಗದ ಆವೃತ್ತಿ, ಅದನ್ನು ಪ್ರತಿ ತಿಂಗಳೂ ಬೇರೆಬೇರೆಯವರು ಹೊರತರುವುದು, ವರ್ಷಕ್ಕೊಂದು ಸ್ಥಿರ ಆವೃತ್ತಿ ಎಂಬ ಪದ್ಧತಿ ತಂದರು. ಹೊರತರುವ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟಿದ್ದಾರೆ, ಹೊಸಬರೂ ಓದಿಕೊಂಡು ಮಾಡುವಂತೆ. 2020ರ ಕೊನೆಯಲ್ಲಿ ಒಬ್ಬ ರಾಜನ ಕಾಲ ಮುಗಿದು ಮೂವರ ಮಂಡಳಿ ಬಂತು.

ಇಷ್ಟು ಹೊತ್ತು ಕಟ್ಟುವ ಮಾತಾಯಿತು. ಈಗ ಪರ್ಲ್‌ನ ತಿರುಳಿನ ಒಂದು ಕಥೆ. ಇದರಲ್ಲಿ ನನ್ನದೂ ಒಂದು ಪಾತ್ರವಿದೆ, ಹೆಮ್ಮೆ ಪಡುವಂಥದ್ದಲ್ಲ.

ಪರ್ಲ್‌ನಲ್ಲಿ 'ಹ್ಯಾಶ್' ಎಂಬ ಒಂದು ಸೌಕರ್ಯವಿದೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳನ್ನು ನೆನೆಯಿರಿ. ಹೆಸರು ಕೊಟ್ಟರೆ ಒಂದು ಲೆಕ್ಕಾಚಾರದಿಂದ ಅದರ ಗೂಡು ಗೊತ್ತಾಗುತ್ತದೆ, ಕೈಹಾಕಿದರೆ ಕಾಗದ ಸಿಗುತ್ತದೆ. 2003ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ ಒಂದು ಅಪಾಯ ತೋರಿಸಿಕೊಟ್ಟರು. ಲೆಕ್ಕಾಚಾರ ಗೊತ್ತಿರುವ ಕಿಡಿಗೇಡಿಯೊಬ್ಬ ಎಲ್ಲ ಕಾಗದಗಳೂ ಒಂದೇ ಗೂಡಿಗೆ ಬೀಳುವಂತೆ ಹೆಸರುಗಳನ್ನು ಆರಿಸಿ ಕಳಿಸಿದರೆ, ಆ ಒಂದು ಗೂಡಿನಲ್ಲೇ ಹುಡುಕಿ ಹುಡುಕಿ ಇಡೀ ಕಚೇರಿ ನಿಂತುಹೋಗುತ್ತದೆ. ಪರ್ಲ್‌ನವರು ಅದೇ ವರ್ಷ 5.8.1ರಲ್ಲಿ ಲೆಕ್ಕಾಚಾರಕ್ಕೆ ಒಂದು ಗುಟ್ಟಿನ ಸಂಖ್ಯೆ ಸೇರಿಸಿದರು. ಹತ್ತು ವರ್ಷದ ಬಳಿಕ, 2013ರ 5.18ರಲ್ಲಿ, ಈ ಕಾವಲನ್ನು ಇನ್ನಷ್ಟು ಬಿಗಿಮಾಡಿದರು. ಪ್ರೋಗ್ರಾಮ್ ಓಡಿದ ಪ್ರತಿಸಲವೂ ಗೂಡುಗಳ ಕ್ರಮ ಬೇರೆ.

ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ನಾನೇ ಬರೆದ ಜಿಲ್ಲಾವಾರು ವರದಿಯ ಪ್ರೋಗ್ರಾಮೊಂದು ವರ್ಷಗಳಿಂದ ಓಡುತ್ತಿತ್ತು. ಹೊಸ ಪರ್ಲ್ ಹಾಕಿದ ಮಾರನೇ ದಿನ ಮೇಲಧಿಕಾರಿ ಕರೆದು, "ಏನ್ರೀ ಇದು, ಬೆಳಿಗ್ಗೆ ಬೀದರ್ ಮೊದಲು ಬಂದಿತ್ತು, ಮಧ್ಯಾಹ್ನ ಚಾಮರಾಜನಗರ ಮೊದಲು ಬಂದಿದೆ?" ಎಂದರು. ನಾನು ಹೊಸ ಪರ್ಲ್ ಕೆಟ್ಟಿದೆ ಎಂದು ಜೋರಾಗಿಯೇ ಹೇಳಿದೆ. ಸಂಜೆ ಕೂತು ಕೈಪಿಡಿ ತೆರೆದರೆ, ಹ್ಯಾಶ್‌ನ ಕ್ರಮವನ್ನು ನಂಬಬೇಡಿ ಎಂದು ಅಲ್ಲಿ ಎಂದಿನಿಂದಲೋ ಬರೆದಿತ್ತು. ನಾನು ಹೆಸರುಗಳನ್ನು ಕ್ರಮವಾಗಿ ಜೋಡಿಸುವ ಒಂದು ಪದ ಸೇರಿಸಬೇಕಿತ್ತು, ಸೇರಿಸಿರಲಿಲ್ಲ. ಅದೃಷ್ಟದಿಂದ ನಡೆಯುತ್ತಿದ್ದುದನ್ನು ನನ್ನ ಜಾಣತನ ಅಂದುಕೊಂಡಿದ್ದೆ. ನನ್ನಂಥವರು ಜಗತ್ತಿನ ತುಂಬ ಇದ್ದರು. ನಮ್ಮೆಲ್ಲರ ಬೈಗುಳ ತಿಂದವರು ತಿರುಳನ್ನು ಸರಿಪಡಿಸಿದವರು.

ಬೈಗುಳದ ಮಾತು ಬಂದಿದ್ದರಿಂದ ತಪ್ಪು ಹುಡುಕುವ ಬಗೆಯನ್ನೂ ಹೇಳಬೇಕು. 2008ರ ಡಿಸೆಂಬರಿನಲ್ಲಿ ಪರ್ಲ್‌ನ ಇಡೀ ಇತಿಹಾಸವನ್ನು, 1987ರ ಮೊದಲ ಆವೃತ್ತಿಯಿಂದ ಹಿಡಿದು, ಗಿಟ್ ಎಂಬ ವ್ಯವಸ್ಥೆಗೆ ಸಾಗಿಸಿದರು. ಯಾರು, ಯಾವತ್ತು, ಯಾವ ಸಾಲು ಬದಲಿಸಿದರೆಂಬ ದಾಖಲೆ ಅದು. ಹೋದ ವರ್ಷ ನಡೆಯುತ್ತಿದ್ದುದು ಈಗ ನಡೆಯುತ್ತಿಲ್ಲ, ನಡುವೆ 10,000 ಬದಲಾವಣೆಗಳಾಗಿವೆ ಅನ್ನಿ. ಒಂದೊಂದನ್ನೇ ನೋಡಬೇಕಿಲ್ಲ. ನಟ್ಟನಡುವಿನದನ್ನು ಕಟ್ಟಿ ನೋಡಿ. ಸರಿಯಿದ್ದರೆ ತಪ್ಪು ಅದರ ನಂತರದ ಅರ್ಧದಲ್ಲಿ, ಕೆಟ್ಟಿದ್ದರೆ ಅದರ ಮೊದಲಿನ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ 14 ಸಲದೊಳಗೆ ತಪ್ಪಿತಸ್ಥ ಬದಲಾವಣೆ ಸಿಕ್ಕಿಬೀಳುತ್ತದೆ.

ಕೇಳಲು ಚೆಂದ. ಆದರೆ ಹಳೆಯ ಪರ್ಲ್ ಇಂದಿನ ಯಂತ್ರದಲ್ಲಿ ಕಟ್ಟಿಕೊಳ್ಳುವುದೇ ಇಲ್ಲ! ಕಂಪೈಲರ್ ಬದಲಾಗಿದೆ, ಸುತ್ತಲಿನ ತಂತ್ರಾಂಶಗಳು ಬದಲಾಗಿವೆ. ಇಲ್ಲಿ ನಿಕೊಲಸ್ ಕ್ಲಾರ್ಕ್ ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2011ರ ಸುಮಾರಿಗೆ ಅವರು ಒಂದು ಉಪಕರಣ ಬರೆದರು. ಅದು ಹಳೆಯ ಮೂಲಪ್ರತಿಯನ್ನು ಹೊರತೆಗೆದು, ಆ ಕಾಲದ ಪ್ರತಿಗೆ ಇಂದಿನ ಯಂತ್ರದಲ್ಲಿ ನಿಲ್ಲಲು ಬೇಕಾದಷ್ಟೇ ತೇಪೆ ಹಾಕಿ, ಕಟ್ಟಿ, ಪರೀಕ್ಷಿಸಿ, ಮುಂದಿನ ಅರ್ಧಕ್ಕೆ ಹೋಗುತ್ತದೆ. 1990ರ ದಶಕದ ಪರ್ಲ್‌ಗಳನ್ನೂ ಹೀಗೆ ಎಬ್ಬಿಸಿ ಸಾಕ್ಷಿಕಟ್ಟೆಗೆ ಕರೆಸಬಹುದು. ರಾತ್ರಿ ಓಡಲು ಬಿಟ್ಟು ಮಲಗಿದರೆ ಬೆಳಿಗ್ಗೆ ಉತ್ತರ ಬಂದಿರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನಮ್ಮಲ್ಲಿದೆ. ಈ ಉಪಕರಣ ಬಂದಮೇಲೆ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ಅದೇ ಮುಟ್ಟಿ ಹೇಳುತ್ತದೆ. ಎಷ್ಟೋ ಸಲ ಅದು ಮುಟ್ಟಿದ ಹೆಗಲು ಇಂಥ ಕೆಲಸಕ್ಕೇ ಜೀವ ತೇಯುವ ಹಿರಿಯರದೇ ಆಗಿರುತ್ತದೆ. ಹೆಚ್ಚು ಪಾತ್ರೆ ತೊಳೆಯುವವರ ಕೈಯಲ್ಲೇ ತಾನೇ ಪಾತ್ರೆ ಒಡೆಯುವುದು.

ಉಳಿಸಿಕೊಳ್ಳುವಷ್ಟೇ ಕಷ್ಟದ್ದು ತೆಗೆದುಹಾಕುವುದು. ಬಿಓಎಸ್ ಎಂಬ ವ್ಯವಸ್ಥೆ ಕಾಲವಾಗಿ ಎಷ್ಟೋ ವರ್ಷವಾಗಿತ್ತು. ಅದಕ್ಕೆಂದು ಬರೆದ ಸಾಲುಗಳು ಮಾತ್ರ ಪರ್ಲ್‌ನೊಳಗೆ ಉಳಿದಿದ್ದವು. 2013ರ 5.18ರಲ್ಲಿ ಅವನ್ನು ಕಿತ್ತರು. 2017ರ 5.26ರಲ್ಲಿ ಒಂದು ಚುಕ್ಕಿ ಕಿತ್ತರು. ಹೌದು, ಒಂದೇ ಒಂದು ಚುಕ್ಕಿ. ಬೇಕಾದ ಕಡತವನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಯ ಕೊನೆಯಲ್ಲಿ, 'ಸದ್ಯ ನಿಂತಿರುವ ಜಾಗದಲ್ಲೂ ನೋಡು' ಎಂದು ಸೂಚಿಸುವ ಚುಕ್ಕಿ ಇತ್ತು. ಅಂಥ ಜಾಗದಲ್ಲಿ ದುಷ್ಟನೊಬ್ಬ ಅದೇ ಹೆಸರಿನ ಕಡತ ಇಟ್ಟಿದ್ದರೆ? ದಾರಿಯಲ್ಲಿ ಸಿಕ್ಕವರು ಕೊಟ್ಟದ್ದನ್ನು ಪ್ರಸಾದವೆಂದು ಬಾಯಿಗೆ ಹಾಕಿಕೊಂಡ ಹಾಗೆ. ತೆಗೆದದ್ದು ಒಂದು ಚುಕ್ಕಿ, ಆದರೆ ಅದನ್ನೇ ನಂಬಿದ್ದ ಎಷ್ಟೋ ಮಾಡ್ಯೂಲ್‌ಗಳ, ಅಂದರೆ ಪರ್ಲ್‌ಗೆ ಸೇರಿಸಿಕೊಳ್ಳುವ ಸಲಕರಣೆಗಳ, ಅನುಸ್ಥಾಪನೆ ನಿಂತುಹೋಯಿತು. ಅವುಗಳಿಗಾಗಿ ಹಳೆಯ ರೀತಿಗೆ ಮರಳುವ ಒಂದು ಸ್ವಿಚ್ ಇಟ್ಟರು. ಆ ಸ್ವಿಚ್ಚಿನ ಹೆಸರಿನಲ್ಲೇ 'ಅಸುರಕ್ಷಿತ' ಎಂಬ ಪದವಿದೆ.

ಕೈತಪ್ಪಿ ಹೋದದ್ದನ್ನು ಮತ್ತೆ ತಂದದ್ದೂ ಉಂಟು. ಐಬಿಎಂನ ದೊಡ್ಡ ಯಂತ್ರಗಳಲ್ಲಿ ಅಕ್ಷರಗಳಿಗೆ ಬೇರೆಯೇ ನಂಬರುಗಳು. ಉಳಿದ ಬಹುತೇಕ ಕಡೆ ಇಂಗ್ಲಿಷಿನ 'ಎ' 65 ಆದರೆ ಅಲ್ಲಿ 193. 'ಐ' ಅಕ್ಷರ 201 ಆದರೆ ಅದರ ಮುಂದಿನ 'ಜೆ' 202 ಅಲ್ಲ, 209. ನಡುವೆ ಹಳ್ಳ. ಎ ಯಿಂದ ಝಡ್‌ವರೆಗೆ ನಂಬರು ಸಾಲಾಗಿದೆ ಎಂದುಕೊಂಡು ಬರೆದ ಸಾಲುಗಳೆಲ್ಲ ಅಲ್ಲಿ ಮುಗ್ಗರಿಸುತ್ತವೆ. ಪರ್ಲ್‌ನ ಹೊಸ ಆವೃತ್ತಿಗಳು ಆ ಯಂತ್ರಗಳಲ್ಲಿ ಸರಿಯಾಗಿ ಕಟ್ಟಿಕೊಳ್ಳದಂತಾಗಿದ್ದವು. ಕಾರ್ಲ್ ವಿಲಿಯಮ್ಸನ್ ಎಂಬವರು ಪಟ್ಟುಹಿಡಿದು ಸರಿಪಡಿಸಿ 2015ರ 5.22ರಲ್ಲಿ ಮತ್ತೆ ನಡೆಯುವಂತೆ ಮಾಡಿದರು. ನಾನು ಆಗಲೇ ಹೇಳಿದ ಯುನಿಕೋಡ್ ಕೋಷ್ಟಕಗಳನ್ನು ತಯಾರಿಸುವ ಪ್ರೋಗ್ರಾಮನ್ನು ಹೊಸದಾಗಿ ಬರೆದವರೂ ಅವರೇ.

ಇದಕ್ಕೆಲ್ಲ ಹಣ? ಬಹುಪಾಲು ಮಂದಿ ಬಿಡುವಿನಲ್ಲಿ ದುಡಿದವರು. 2010ರಿಂದೀಚೆಗೆ ಪರ್ಲ್ ಪ್ರತಿಷ್ಠಾನವು ದಾನಿಗಳಿಂದ ಸಂಗ್ರಹಿಸಿದ ನಿಧಿಯಿಂದ ಡೇವ್ ಮಿಚೆಲ್, ನಿಕೊಲಸ್ ಕ್ಲಾರ್ಕ್, ಟೋನಿ ಕುಕ್ ಮೊದಲಾದವರಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಟ್ಟಿತು. ಅವರು ಯಾವುದಕ್ಕೆ ಎಷ್ಟು ಗಂಟೆ ಹಿಡಿಯಿತೆಂದು ಲೆಕ್ಕ ಒಪ್ಪಿಸುತ್ತಿದ್ದರು. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ. ವರ್ಷವರ್ಷ ಹೂಳೆತ್ತಿದವರ, ತೂಬು ನೋಡಿಕೊಂಡ ನೀರುಗಂಟಿಯ ಹೆಸರು ಎಲ್ಲಿರುತ್ತದೆ? ಆದರೆ ಕೆರೆಯಲ್ಲಿ ನೀರು ನಿಂತಿರುವುದು ಅವರಿಂದ. ನಮ್ಮ ಬೆಂಗಳೂರಿನ ಎಷ್ಟು ಸಂಸ್ಥೆಗಳು ಇಂಥ ಕೆರೆಗಳ ನೀರನ್ನು ಕುಡಿದು ಬೆಳೆದಿವೆ! ಹೂಳೆತ್ತುವ ದಿನ ಒಂದು ಬುಟ್ಟಿ ಹಿಡಿದು ಬರುವುದು ನಮ್ಮಿಂದ ಆಗದ್ದೇನಲ್ಲ.

ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಯಾರಾದರೂ ಕೇಳುತ್ತಿದ್ದರೆ ಅವರಿಗೊಂದು ಮಾತು. ನೀವು ದಿನವೂ ಬಳಸುವ ಭಾಷೆ ಯಾವುದೇ ಇರಲಿ, ಅದರ ಮೂಲಪ್ರತಿ ತಂದು ಒಮ್ಮೆ ನಿಮ್ಮ ಕೈಯಾರೆ ಕಟ್ಟಿ. ಎಲ್ಲೋ ನಿಲ್ಲುತ್ತದೆ. ನಿಂತ ಕಡೆ ಕೂತು ಓದಿ. ಅಲ್ಲೊಂದು ತಪ್ಪಕ್ಷರವೋ, ಬಿಟ್ಟುಹೋದ ಸಾಲೋ ಕಂಡರೆ ತೇಪೆ ಬರೆದು ಕಳಿಸಿ. ಸಣ್ಣದೆಂದು ಸಂಕೋಚ ಬೇಡ.

ಕಳಿಸಿದರೆ ಏನಾಗುತ್ತದೆಂದು ಹೇಳಿ ಮುಗಿಸುತ್ತೇನೆ. ಪರ್ಲ್‌ನ ಗಂಟಿನಲ್ಲಿ, ಕೈಜೋಡಿಸಿದವರೆಲ್ಲರ ಹೆಸರಿನ ಕಡತವೊಂದಿದೆ. ಪರ್ಲ್ ಕಟ್ಟಿದ ಮೇಲೆ ಓಡುವ ಸಾವಿರಾರು ಪರೀಕ್ಷೆಗಳಲ್ಲಿ ಒಂದರ ಕೆಲಸ ಇಷ್ಟೇ: ಇತಿಹಾಸದಲ್ಲಿ ತೇಪೆ ಹಾಕಿದ ಪ್ರತಿಯೊಬ್ಬರ ಹೆಸರೂ ಈ ಕಡತದಲ್ಲಿದೆಯೇ ಎಂದು ನೋಡುವುದು. ಒಂದು ಹೆಸರು ಬಿಟ್ಟುಹೋಗಿದ್ದರೂ, ಅದು ಒಂದೇ ಅಕ್ಷರ ತಿದ್ದಿದವರದಾದರೂ, ಆ ಪರೀಕ್ಷೆ ಫೇಲಾಗುತ್ತದೆ.